ಬಕೆಮೊನೊಗತರಿ: 2 ಎಪಿಸೋಡ್ ಆಯ್ತು, ಬರೀ ಮಾತು. ಮುಂದುವರಿಸಲಾ? ನೋಡಿದವರು ಹೇಳಿ

ಹೊಸನೋಟ:
ಶಾಫ್ಟ್ ಸ್ಟುಡಿಯೊದ ಜಪಾನಿ ಅನಿಮೆ ಸರಣಿ ‘ಬಕೆಮೊನೊಗತರಿ’ (2009) ಶುರು ಮಾಡಿದ್ದೇನೆ. ಏಡಿಯ ಕಥೆ, ಅಂದರೆ ಮೊದಲ 2 ಎಪಿಸೋಡ್ ಮುಗಿಯಿತು. ಭೂತಚೇಷ್ಟೆಯ ಕಥೆ ಅಂತ ಕೂತರೆ ಇಬ್ಬರು ನಿಂತು ಮಾತಾಡುವುದೇ ಜಾಸ್ತಿ. ದಿನಕ್ಕೆ ಅರ್ಧ ಗಂಟೆ ಬಿಡುವು, ನೋಡುವುದು ಫೋನಿನಲ್ಲಿ, ಇಂಗ್ಲಿಷ್ ಸಬ್‌ಟೈಟಲ್ ಓದುವುದು ನಿಧಾನ. ಪಿಯುಸಿ ಓದುವ ತಂಗಿಯೂ ಜೊತೆಗೆ ಕೂರುತ್ತಾಳೆ. ಇಂಥದ್ದನ್ನು ಯಾವ ಅಳತೆಯಲ್ಲಿ ತೂಗಬೇಕು? ಯಾವ ಕ್ರಮದಲ್ಲಿ ನೋಡಬೇಕು?

ತುಂಗಾತೀರ:
ಬಿಡುಗಡೆಯಾದ ಕ್ರಮವೇ ಸರಿ, ಎರಡು ಮಾತಿಲ್ಲ. ಸಮಯದ ಲೆಕ್ಕ ಮೊದಲು ಹಾಕಿಕೊಳ್ಳಿ. ಸರಣಿಯ ಭಾಗಗಳಲ್ಲಿ ಬಕೆ (ಬಕೆಮೊನೊಗತರಿ) 15 ಎಪಿಸೋಡ್, ನಿಸೆ (ನಿಸೆಮೊನೊಗತರಿ, 2012) 11, ನೆಕೊ ಕುರೊ (ನೆಕೊಮೊನೊಗತರಿ: ಕುರೊ) 4, 2013ರ ಸೆಕೆಂಡ್ ಸೀಸನ್ 26. ಅದರಲ್ಲಿ 6, 11, 16ನೆಯವು ಹಳೆಯದನ್ನೇ ಜೋಡಿಸಿದ ಎಪಿಸೋಡುಗಳು, ಬಿಟ್ಟುಬಿಡಿ. ಉಳಿಯಿತು 23. ಒಟ್ಟು 53. ಒಂದಕ್ಕೆ 24 ನಿಮಿಷ ಹಿಡಿದರೆ 21 ಗಂಟೆ 12 ನಿಮಿಷ. ಕಿಜುಮೊನೊಗತರಿಯ 3 ಸಿನಿಮಾ 64, 69, 83 ನಿಮಿಷ, ಅಂದರೆ ಇನ್ನೂ 3 ಗಂಟೆ 36 ನಿಮಿಷ. ಸೆಕೆಂಡ್ ಸೀಸನ್‌ವರೆಗೆ ಹೋಗದೆ ಈ ಸರಣಿಗೆ ಅಂಕ ಕೊಡುವವರ ಮಾತಿಗೆ ನಾನಂತೂ ಬೆಲೆ ಕೊಡುವುದಿಲ್ಲ.

ಇನ್ನೊಂದು ಕಡೆ ಎಡವುತ್ತಾರೆ. ಬಕೆಯ 15ರಲ್ಲಿ ಟಿವಿಯಲ್ಲಿ ಬಂದದ್ದು 12 ಮಾತ್ರ. ಉಳಿದ 3 ನೆಟ್‌ನಲ್ಲಿ ಬಂದವು, ಕೊನೆಯದು 2010ರ ಜೂನ್‌ನಲ್ಲಿ. 12ಕ್ಕೆ ಮುಗಿಯಿತು ಅಂದುಕೊಂಡವರಿಗೆ ಬೆಕ್ಕಿನ ಕಥೆ ಅರ್ಧಕ್ಕೇ ನಿಂತಿರುತ್ತದೆ. ಟಿವಿ ಆವೃತ್ತಿಯಲ್ಲಿ ಚಿತ್ರ ಪೂರ್ತಿಯಾಗದ ಜಾಗಗಳೂ ಇದ್ದವು, ಡಿಸ್ಕ್‌ಗೆ ಹಾಕುವಾಗ ತಿದ್ದಿದರು. ಹಾಗಾಗಿ ಡಿಸ್ಕ್ ಆವೃತ್ತಿಯೇ ಬೇಕು.

ಕಪ್ಪುಬೆಕ್ಕು:
ಬಿಡುಗಡೆ ಕ್ರಮ ಅಂತ ಕಣ್ಣು ಮುಚ್ಚಿ ಹೇಳಬೇಡಿ. ಕಿಜುವಿನ ಮೂಲ ಕಾದಂಬರಿ ಬಂದದ್ದು 2008ರಲ್ಲಿ, ಬಕೆ ಕಾದಂಬರಿ (2006) ಆದಮೇಲೆ, ನಿಸೆಗಿಂತ ಮೊದಲು. ಸಿನಿಮಾ ತಡವಾಗಿ 2016–17ರಲ್ಲಿ ಬಂತು ಅಷ್ಟೆ. ಸ್ಟುಡಿಯೊದ ವಿಳಂಬವನ್ನು ನೋಡುವವರು ಯಾಕೆ ಹೊರಬೇಕು? ಬಕೆ 15 ಮುಗಿಸಿ, ಕಿಜು 3 ಸಿನಿಮಾ ನೋಡಿ, ಆಮೇಲೆ ನಿಸೆಗೆ ಹೋಗಿ. ರಕ್ತಪಿಶಾಚಿ ಹುಡುಗಿ ಶಿನೊಬು ಬಕೆಯಲ್ಲಿ ಬಾಯಿಯನ್ನೇ ಬಿಡದೆ ಮೂಲೆಯಲ್ಲಿ ಮುದುಡಿ ಕೂತಿರುತ್ತಾಳೆ. ಆ ಮೌನಕ್ಕೆ ಕಾರಣ ಗೊತ್ತಿಲ್ಲದೆ ನಿಸೆಯಲ್ಲಿ ಅವಳು ಬಾಯಿ ಬಿಡುವುದನ್ನು ನೋಡಿದರೆ ಆ ದೃಶ್ಯದ ಅರ್ಧ ತೂಕ ಹೋಯಿತು.

ತುಂಗಾತೀರ:
ಸಿನಿಮಾದ ಶೈಲಿಯೇ ಬೇರೆ ಸ್ವಾಮಿ. ಟಿವಿ ಸರಣಿಯಲ್ಲಿ ನಾಯಕ ಅರರಾಗಿಯ ವಟವಟ ಪೂರ್ತಿ ಇದೆ, ಕಿಜುವಿನಲ್ಲಿ ಅವನ ಸ್ವಗತವನ್ನೇ ಕಿತ್ತುಹಾಕಿದ್ದಾರೆ. ಈ ಮಾತಿಗೆ ಕಿವಿ ಹೊಂದಿಕೊಳ್ಳುವ ಮೊದಲೇ ಅಲ್ಲಿಗೆ ಕರೆದುಕೊಂಡು ಹೋದರೆ ಹೊಸಬರು ಎರಡೂ ಕಡೆ ದಾರಿ ತಪ್ಪುತ್ತಾರೆ.

ಕಪ್ಪುಬೆಕ್ಕು:
ಹೊಸಬರಿಗೆ ಅಷ್ಟೂ ಬುದ್ಧಿ ಇಲ್ಲ ಅಂತ ತೀರ್ಮಾನಿಸಲು ನೀವು ಯಾರು? ಮೊದಲ ಎಪಿಸೋಡಿನ ಶುರುವಿನಲ್ಲೇ ಮಿಂಚಿನ ಹಾಗೆ ಹಾದುಹೋಗುವ ರಕ್ತದ ದೃಶ್ಯಗಳೆಲ್ಲ ಕಿಜುವಿನ ಕಥೆಯೇ. ನಿರ್ದೇಶಕರೇ ಅಲ್ಲಿ ಬಾಗಿಲು ತೆರೆದಿಟ್ಟಿದ್ದಾರೆ.

ಮದ್ದಳೆದನಿ:
ಕ್ರಮದ ಜಗಳ ಬಿಡಿ ಮಾರಾಯ್ರೆ. ಅವರು ಕೇಳಿದ್ದು ಅಳತೆ. ತಾಳಮದ್ದಳೆ ಕೂತು ಕೇಳುವ ಊರಿನವರಿಗೆ ಇದು ಹೊಸತಲ್ಲ. ವೇಷವಿಲ್ಲ, ಕುಣಿತವಿಲ್ಲ, ನಾಲ್ಕು ಜನ ಕೂತು ಮಾತಿನಲ್ಲೇ ಯುದ್ಧ ಮಾಡುತ್ತಾರೆ. ಅಲ್ಲಿ ನಾವು ನೋಡುವುದು ಯಾರು ಯಾವ ಪ್ರಶ್ನೆಯಿಂದ ನುಣುಚಿಕೊಂಡರು ಅಂತ. ಇಲ್ಲೂ ಅದೇ ಅಳತೆ. ಏಡಿಯ ಕಥೆಯ ಹುಡುಗಿ ಸೆಂಜೊಗಹರಾ ಮೊದಲ ಎಪಿಸೋಡಿನಲ್ಲಿ ಅರರಾಗಿಯ ಬಾಯೊಳಗೆ ಸ್ಟೇಪ್ಲರ್ ಇಟ್ಟು ಕೆನ್ನೆಗೆ ಪಿನ್ ಹೊಡೆಯುತ್ತಾಳೆ. ಎರಡನೆಯದರಲ್ಲಿ ಅಷ್ಟೇ ಹರಿತವಾದ ನಾಲಿಗೆಯಿಂದ ತಾಯಿಯ ವಿಷಯ ಸುತ್ತಿ ಬಳಸಿ ಹೇಳುತ್ತಾಳೆ. ತಾಯಿ ಸೇರಿದ್ದ ಧಾರ್ಮಿಕ ಪಂಥದ ಹಿರಿಯನ ವಿಷಯಕ್ಕೆ ಬಂದಾಗ ಆ ನಾಲಿಗೆ ತಡವರಿಸುತ್ತದೆ. ಆ ತಡವರಿಕೆ ಕಿವಿಗೆ ಬಿದ್ದರೆ ಸರಣಿ ನಿಮ್ಮದು. ಬೀಳದಿದ್ದರೆ ಇನ್ನೂ 51 ಎಪಿಸೋಡ್ ನೋಡಿಯೂ ಉಪಯೋಗವಿಲ್ಲ.

ಭೂತಚೇಷ್ಟೆಗೆ ಪರಿಹಾರ ಹೇಳುವ ಓಶಿನೊ ಕೇಳುವ ದುಡ್ಡನ್ನೂ ಗಮನಿಸಿ. ಸೆಂಜೊಗಹರಾಗೆ 1 ಲಕ್ಷ ಯೆನ್, ಅರರಾಗಿಗೆ 50 ಲಕ್ಷ. ದುರಾಸೆ ಅಲ್ಲ ಅದು. ದುಡ್ಡು ಕೊಟ್ಟರೆ ಋಣ ಉಳಿಯುವುದಿಲ್ಲ. ತಾನು ಯಾರನ್ನೂ ಉಳಿಸುವುದಿಲ್ಲ, ಅವರವರೇ ಉಳಿದುಕೊಳ್ಳುತ್ತಾರೆ ಅನ್ನುವವನಿಗೆ ತಕ್ಕ ವ್ಯವಹಾರ.

ಅಕ್ಷರಹುಳ:
ತಾಳಮದ್ದಳೆಗೆ ಹೋಲಿಸಬೇಡಿ, ದಯವಿಟ್ಟು. ಅಲ್ಲಿ ಅರ್ಥಧಾರಿ ಆ ಕ್ಷಣದಲ್ಲಿ ಮಾತು ಹುಟ್ಟಿಸುತ್ತಾನೆ. ಇಲ್ಲಿ ಕಾದಂಬರಿಕಾರ ನಿಸಿಯೊ ಇಸಿನ್ ಬರೆದಿಟ್ಟದ್ದನ್ನು ಸ್ಟುಡಿಯೊದಲ್ಲಿ ಓದಿದ್ದಾರೆ. ಇದು ಅಚ್ಚಿನ ಕಲೆ, ಕಣ್ಣಿನಿಂದ ಓದುವವರ ಆಟ. ಹೆಸರನ್ನೇ ನೋಡಿ. ‘ಬಕೆಮೊನೊ’ ಅಂದರೆ ಭೂತ, ‘ಮೊನೊಗತರಿ’ ಅಂದರೆ ಕಥೆ, ನಡುವಿನ ‘ಮೊನೊ’ ಎರಡಕ್ಕೂ ಒಂದೇ. ನಮ್ಮ ಲೋಪಸಂಧಿಯ ಹಾಗೆ.

ಏಡಿಯ ಕಥೆಯಂತೂ ಶ್ಲೇಷೆಯ ಮೇಲೇ ನಿಂತಿದೆ. ಜಪಾನಿಯಲ್ಲಿ ‘ಒಮೊಇ’ ಅಂದರೆ ಭಾರ, ಬೇರೆ ಲಿಪಿಚಿಹ್ನೆಯಲ್ಲಿ ಬರೆದರೆ ಮನಸ್ಸಿನ ಭಾವ. ಸೆಂಜೊಗಹರಾ ಏಡಿ ರೂಪದ ದೈವಕ್ಕೆ ಕೊಟ್ಟದ್ದು ಎರಡನೆಯದು, ಜೊತೆಗೆ ಹೋದದ್ದು ಮೊದಲನೆಯದು, ಹಾಗಾಗಿ ಅವಳ ತೂಕ 5 ಕಿಲೊ. ಇಂಗ್ಲಿಷ್ ಸಬ್‌ಟೈಟಲ್ ಇದನ್ನು ವಿವರಿಸಲು ಒದ್ದಾಡುತ್ತದೆ. ಕನ್ನಡಕ್ಕೆ ಆ ಕಷ್ಟವಿಲ್ಲ, ‘ಮನಸ್ಸು ಭಾರವಾಯಿತು’ ಅಂತ ದಿನಾ ಹೇಳುತ್ತೇವೆ. ಸಬ್‌ಟೈಟಲ್ ಎಲ್ಲಿ ತೊಡರಿತು ಅನ್ನಿಸುತ್ತದೋ ಅಲ್ಲೊಂದು ಶ್ಲೇಷೆ ಇದೆ ಅಂತ ಹಿಡಿಯಿರಿ.

ಕಪ್ಪುಬೆಕ್ಕು:
ಲೋಪಸಂಧಿಯಲ್ಲಿ ಹೋಗುವುದು ಒಂದು ಸ್ವರ. ಊರು+ಅಲ್ಲಿ=ಊರಲ್ಲಿ. ಇಲ್ಲಿ ಇಡೀ ‘ಮೊನೊ’ ಒಂದರ ಮೇಲೊಂದು ಕೂತಿದೆ. ಬೇರೆಯವರನ್ನು ತಿದ್ದುವ ಮೊದಲು ವ್ಯಾಕರಣ ನೋಡಿಕೊಳ್ಳಿ.

ಅಕ್ಷರಹುಳ:
ಹಾಗೆ ಅಂದೆ, ಅದೇ ಅನ್ನಲಿಲ್ಲ.

ಮಲಪ್ರಭಾ:
ಎಲ್ಲಾರೂ ಹೊಗಳಾಕತ್ತೀರಿ, ತಂಗಿ ಜೋಡಿ ಕೂತು ನೋಡತೀನಿ ಅಂದಾರಲ್ಲ, ಅದಕ್ಕ ಯಾರೂ ಬಾಯಿ ಬಿಡವಲ್ಲರಿ. ಮೊದಲನೇ ಎಪಿಸೋಡ್ ಶುರುವಾಗೂದ ಹಾರೂ ಲಂಗದ ಮ್ಯಾಲೆ. ಎರಡನೇದರಾಗ ಸೆಂಜೊಗಹರಾ ಸ್ನಾನ ಮಾಡಿ ಬಂದು ಬಟ್ಟಿ ಹಾಕ್ಕೊಳ್ಳೂ ಹೊತ್ತಿಗೆ ಕ್ಯಾಮೆರಾ ಎಲ್ಲಿ ನಿಂತೈತಿ ನೋಡೀರಿ. ಮುಂದ ಪುಟ್ಟ ಹುಡುಗಿ ಹಚಿಕುಜಿ ಜೋಡಿ ಅರರಾಗಿ ನಡ್ಕೊಳ್ಳೂದು ತಪ್ಪ ಐತಿ. ನಿಸೆ ಬಂತಂದ್ರ ಅದಕ್ಕಿಂತ ಕೆಟ್ಟದು, ಅದರ 8ನೇ ಎಪಿಸೋಡ್ ಅಂತೂ ಮನೀ ಮಂದಿ ಮುಂದ ಹಚ್ಚೂ ಹಂಗಿಲ್ಲ. ಅಳತಿ ಹಚ್ಚತೀರಿ ಅಂದ್ರ ಇದನ್ನೂ ತಕ್ಕಡ್ಯಾಗ ಹಾಕ್ರಿ. ಮಾತು ಛಲೋ ಐತಿ ಅಂತ ಇದನ್ನ ಮುಚ್ಚಿಡಬ್ಯಾಡ್ರಿ.

ತುಂಗಾತೀರ:
ಅದೆಲ್ಲ ಕಥೆ ಹೇಳುವ ಅರರಾಗಿಯ ಕಣ್ಣು. ಊರಿನಲ್ಲಿ ಇವರು ಬಿಟ್ಟರೆ ನರಪಿಳ್ಳೆ ಇಲ್ಲ, ಅವನ ಮನೆಯ ಬಚ್ಚಲು ಸಭಾಂಗಣದಷ್ಟು ದೊಡ್ಡದು. ಅವನು ಗಮನಿಸಿದ್ದು ಮಾತ್ರ ಪರದೆಗೆ ಬರುತ್ತದೆ. ಸೆಕೆಂಡ್ ಸೀಸನ್‌ನ ಹುಲಿಯ ಕಥೆಯನ್ನು ಅವನ ಸಹಪಾಠಿ ಹನೆಕಾವಾ ಹೇಳುತ್ತಾಳೆ, ಕೊನೆಯ 6 ಎಪಿಸೋಡನ್ನು ವಂಚಕ ಕೈಕಿ ಹೇಳುತ್ತಾನೆ. ನನ್ನ ಮಾತು ಒಂದನ್ನೂ ನಂಬಬೇಡಿ ಅಂತಲೇ ಅವನು ಶುರು ಮಾಡುವುದು. ಆಗ ಕ್ಯಾಮೆರಾದ ನಡತೆಯೇ ಬದಲಾಗುತ್ತದೆ.

ಮಲಪ್ರಭಾ:
ಅವನ ಕಣ್ಣು ಅಂದ್ರ ತೋರಿಸಿದವರ ತಪ್ಪು ಹೋತೇನ್ರಿ? ನಿರೂಪಕನ ತೆಲಿ ಮ್ಯಾಲೆ ಹಾಕಿ ಸ್ಟುಡಿಯೊದವರು ಪಾರಾಗೂದು ನನಗ ಒಪ್ಪಿಗಿ ಇಲ್ಲ. ಹುಡುಗಿಯರ ನೋವಿನ ಕತಿ ಹೇಳೂ ಸರಣಿ ಇದು, ಅದಕ್ಕ ಹೆಚ್ಚು ಸಿಟ್ಟು ಬರತೈತಿ.

ಮದ್ದಳೆದನಿ:
ಮಲಪ್ರಭಾ ಹೇಳುವುದು ಸರಿ. ನಿಸೆಗೆ ನಾನು ಅಂಕ ಕಳೆಯುತ್ತೇನೆ. ಅದಕ್ಕೆ ಎದುರಾಗಿ ಬಕೆಯ 12ನೇ ಎಪಿಸೋಡ್ ಇಡುತ್ತೇನೆ. ಸೆಂಜೊಗಹರಾಳ ಅಪ್ಪ ಕಾರು ಓಡಿಸುತ್ತಾನೆ, ಹಿಂದಿನ ಸೀಟಿನಲ್ಲಿ ಅವಳು, ಅರರಾಗಿ. ಅವಳು ಪಿಸುದನಿಯಲ್ಲಿ ಕಾಡುತ್ತಾಳೆ, ಅರರಾಗಿ ಬೆವರುತ್ತಾನೆ, ಅಪ್ಪ ಮಾತಾಡುವುದಿಲ್ಲ. ಊರಿನ ಬೆಳಕು ದಾಟಿದ ಮೇಲೆ ಇಬ್ಬರೂ ಹುಲ್ಲಿನ ಮೇಲೆ ಮಲಗುತ್ತಾರೆ. ಅವಳು ಬೆರಳು ಚಾಚಿ ಡೆನೆಬ್, ಆಲ್ಟೇರ್, ವೇಗಾ ತೋರಿಸುತ್ತಾಳೆ. ತನ್ನ ಹತ್ತಿರ ಕೊಡಲು ಏನೇನಿದೆ ಅಂತ ಎಣಿಸುತ್ತಾಳೆ: ಪಾಠ ಹೇಳಿಕೊಡುವುದು, ಒಬ್ಬ ಕಿರಿಯ ಗೆಳತಿ, ಹೆಚ್ಚು ಮಾತಾಡದ ಅಪ್ಪ, ಈ ನಕ್ಷತ್ರಗಳು. ಪಟ್ಟಿ ಅಲ್ಲಿಗೆ ಮುಗಿಯುತ್ತದೆ. ತಾಯಿ ಅದರಲ್ಲಿ ಇಲ್ಲ. ಭೂತವೂ ಇಲ್ಲ, ಜಗಳವೂ ಇಲ್ಲ, ಆದರೂ ಎರಡನೇ ಎಪಿಸೋಡಿನಲ್ಲಿ ವಾಪಸ್ ಪಡೆದ ಭಾರ ಏನು ಅಂತ ಇಲ್ಲಿ ಕಾಣುತ್ತದೆ.

ಬಸವನದಾರಿ:
ಫೋನಿನಲ್ಲಿ ನೋಡುವವರಿಗೆ ಒಂದು ಉಪಾಯ. ಕಪ್ಪು, ಕೆಂಪು ಫಲಕದಲ್ಲಿ ಅಕ್ಷರ ಬಂದು ಸೆಕೆಂಡಿನೊಳಗೆ ಮಾಯವಾಗುತ್ತದಲ್ಲ, ಮೊದಲ ಸಲ ಅದನ್ನು ನಿಲ್ಲಿಸಿ ಓದಬೇಡಿ. ಮಾತಿನ ಲಯ ಮುರಿಯುತ್ತದೆ. ಮೇಲೆ ಬರುವ ಫಲಕದ ಅನುವಾದ ಬಿಟ್ಟು ಕೆಳಗಿನ ಸಾಲು ಮಾತ್ರ ಓದಿ. ಒಂದು ಕಥೆ ಮುಗಿದ ಮೇಲೆ ಅದೇ ಕಥೆಯನ್ನು ನಿಲ್ಲಿಸಿ ನಿಲ್ಲಿಸಿ ನೋಡಿ. ವೇಗ 1.25ಕ್ಕೆ ಏರಿಸಲೇಬೇಡಿ, ಸಬ್‌ಟೈಟಲ್ ಕೈಗೆ ಸಿಗದೆ ಓಡುತ್ತದೆ. ಬಸವನಹುಳುವಿನ ಕಥೆ 3ರಿಂದ 5. ಅದು ಮುಗಿದ ಕೂಡಲೇ 3ಕ್ಕೆ ವಾಪಸ್ ಹೋಗಿ, ಪಾರ್ಕಿನಲ್ಲಿ ಸೆಂಜೊಗಹರಾ ಹಚಿಕುಜಿಯ ಕಡೆ ಒಮ್ಮೆಯಾದರೂ ನೇರವಾಗಿ

ಕಪ್ಪುಬೆಕ್ಕು:
ನಿಲ್ಲಿಸಿ! ಅವರು 2 ಮಾತ್ರ ನೋಡಿದ್ದಾರೆ ಅಂತ ಮೊದಲ ಸಾಲಿನಲ್ಲೇ ಇದೆ. 5ನೆಯದರ ಗುಟ್ಟನ್ನು ಹೀಗೆ ಕೈಗೆ ಹಾಕುತ್ತೀರಾ?

ಬಸವನದಾರಿ:
ಕ್ಷಮಿಸಿ, ಆ ಸಾಲು ಅರ್ಧಕ್ಕೇ ಬಿಟ್ಟಿದ್ದೇನೆ. ಆದರೆ ಎರಡನೇ ಸಲ ನೋಡಿದಾಗ ನಿಲ್ಲುವ ಮಾತು ಯಾವುದು ಅಂತ ತಿಳಿಯಲು ಆ ಕಥೆಯಷ್ಟು ಒಳ್ಳೆಯ ಪರೀಕ್ಷೆ ಬೇರೆ ಇಲ್ಲ.

ಅಕ್ಷರಹುಳ:
ಹಚಿಕುಜಿ ಅರರಾಗಿಯ ಹೆಸರನ್ನು ‘ರರರಾಗಿ’ ಅಂತ ತಪ್ಪಾಗಿ ಕರೆದು ‘ಕಮಿಮಶಿತ’ ಅನ್ನುತ್ತಾಳೆ. ಅಕ್ಷರಶಃ ‘ಕಚ್ಚಿದೆ’, ಅಂದರೆ ನಾಲಿಗೆ ತೊಡರಿತು ಅಂತ. ಅದನ್ನು ‘ನಾಲಿಗೆ ಕಚ್ಚಿಕೊಂಡೆ’ ಅಂತ ತಿಳಿಯಬೇಡಿ. ನಮ್ಮಲ್ಲಿ ಹಾಗಂದರೆ ಆಡಬಾರದ್ದನ್ನು ಆಡಿ ತಡೆದುಕೊಂಡೆ ಅಂತಾಗುತ್ತದೆ.

ಹೊಸನೋಟ:
ಎಲ್ಲರಿಗೂ ವಂದನೆ. ಕಿಜು ಎಲ್ಲಿ ಹಾಕಬೇಕು ಅನ್ನುವುದು ಇನ್ನೂ ತಿಳಿಯಲಿಲ್ಲ. ತಂಗಿಗೆ ಮಲಪ್ರಭಾ ಅವರು ಬರೆದದ್ದನ್ನು ಓದಿ ಹೇಳಿದ್ದೇನೆ. ಈ ಸರಣಿ ಒಬ್ಬನೇ ನೋಡುತ್ತೇನೆ. ಇವತ್ತು ರಾತ್ರಿ 3ನೆಯದು.

ಬಸವನದಾರಿ:
3ರಲ್ಲಿ ಪಾರ್ಕಿನ ಹೆಸರಿನ ಫಲಕ ಬಂದಾಗ ಮಾತ್ರ ಒಂದು ಕ್ಷಣ ನಿಲ್ಲಿಸಿ. ಅದನ್ನು ಹೇಗೆ ಓದಬೇಕು ಅಂತ ಅರರಾಗಿಗೇ ಗೊತ್ತಿಲ್ಲ, ರೊಹಕುವೋ ನಮಿಶಿರೊವೋ. ಅವತ್ತು ಭಾನುವಾರ, ತಾಯಂದಿರ ದಿನ, ಮನೆಯಲ್ಲಿ ತಂಗಿಯರ ಜೊತೆ ಜಗಳವಾಡಿ ಸೈಕಲ್ ತುಳಿದು ಅಲ್ಲಿಗೆ ಬಂದಿರುತ್ತಾನೆ.