ರೆಫ್ರಿ ಸೀಟಿ ಊದಿದ ಕೂಡಲೇ ಈಗ ಡೌಟು ಬರುತ್ತದೆ. ನಿಮಗೂ ಹೀಗೆಯೇ?

ಅಜ್ಜರಕಾಡು ಜೆರಾಕ್ಸ್ (ಪ್ರಶ್ನೆ ಕೇಳಿದವರು)

ನಮಸ್ಕಾರ. ಉಡುಪಿಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಉಂಟು. ಬಾಗಿಲು ತೆರೆಯುವುದು ಒಂಬತ್ತಕ್ಕೆ. ಅದಕ್ಕೆ ಮೊದಲು ಬೆಳಗ್ಗೆ ಆರರಿಂದ ಎಂಟೂವರೆ ತನಕ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ. ಅಮೆರಿಕದ ರಾತ್ರಿ ಮ್ಯಾಚು ನಮ್ಮ ಬೆಳಗಿನ ಚಾಗೆ ಸರಿಯಾಗಿ ಬರುತ್ತದೆ. ಹದಿನೈದು ವರ್ಷದಿಂದ ಇದೇ ಚಾಳಿ. ಹೆಂಡತಿ ಇದಕ್ಕೆ "ನಿಮ್ಮ ಸುಪ್ರಭಾತ" ಅನ್ನುತ್ತಾಳೆ.

ಮೊನ್ನೆ ಮಗನೂ ಪಕ್ಕದಲ್ಲಿ ಕೂತಿದ್ದ. ಒಂಬತ್ತನೇ ಕ್ಲಾಸು, ಶಾಲೆಯ ಟೀಮಿನಲ್ಲಿ ಆಡುತ್ತಾನೆ. ಕೊನೇ ನಿಮಿಷ, ಒಂದು ಪಾಯಿಂಟ್ ಅಂತರ. ನಮ್ಮ ಟೀಮಿನವನ ಮೇಲೆ ಫೌಲ್ ಕೊಟ್ಟರು. ಮುಟ್ಟಿದ ಹಾಗೆ ನನಗೆ ಕಾಣಲೇ ಇಲ್ಲ. "ಇವ ಎಷ್ಟು ತಿಂದಿದ್ದಾನೋ" ಅಂತ ಬಾಯಿಂದ ಬಂದೇ ಹೋಯಿತು. ಮಗ ಕೇಳಿದ, "ಅಪ್ಪ, ರೆಫ್ರಿಗಳೂ ಬೆಟ್ ಕಟ್ಟುತ್ತಾರಾ?" ಕಟ್ಟಿದವ ಒಬ್ಬ ಇದ್ದ ಅಂತ ಟಿಮ್ ಡೊನಾಗಿಯ ಕಥೆ ಹೇಳಿದೆ. "ಹಾಗಾದ್ರೆ ನೀವು ಇನ್ನೂ ಯಾಕೆ ನೋಡೋದು?" ಅಂದ. ಏನು ಹೇಳಬೇಕು ಗೊತ್ತಾಗಲಿಲ್ಲ. ನೀರ್‌ದೋಸೆ ತಟ್ಟೆಯಲ್ಲೇ ತಣ್ಣಗಾಯಿತು.

ಡೊನಾಗಿಯ ಆ 2007ರ ಹಗರಣ ಹಳೇದು, ಮುಗಿದುಹೋಯಿತು ಅಂದುಕೊಂಡಿದ್ದೆ. 2024ರಲ್ಲಿ ಟೊರಾಂಟೊ ರಾಪ್ಟರ್ಸ್‌ನ ಆಟಗಾರ ಜಾಂಟೆ ಪೋರ್ಟರ್‌ಗೆ ಬೆಟ್ಟಿಂಗ್ ವಿಷಯಕ್ಕೆ ಜೀವಮಾನ ನಿಷೇಧ ಆಯಿತು. 2025ರ ಅಕ್ಟೋಬರ್‌ನಲ್ಲಿ ಇನ್ನೊಬ್ಬ ಆಟಗಾರ ಟೆರಿ ರೋಜಿಯರ್ ಬೆಟ್ಟಿಂಗ್ ಕೇಸಿನಲ್ಲಿ ಅರೆಸ್ಟ್ ಆದ. ಅವನ ಮೇಲಿನದ್ದು ಆರೋಪ, ತಪ್ಪು ಮಾಡಿಲ್ಲ ಅಂತ ಅವನೇ ಹೇಳಿದ್ದಾನೆ. ಆದರೂ ನನ್ನ ಕಣ್ಣು ಕೆಟ್ಟಿದೆ. ಆಟ ನೋಡುವುದು ಬಿಟ್ಟು ರೆಫ್ರಿಯ ಮುಖ ನೋಡುತ್ತೇನೆ. ನೀವೆಲ್ಲ ಹೇಗೆ ನೋಡುತ್ತೀರಿ ಮಾರಾಯ್ರೇ?


ಹಳೇ ಸೀಟಿ

ಮೂವತ್ತೊಂದು ವರ್ಷ ಪಿಟಿ ಮಾಸ್ಟ್ರು ಆಗಿದ್ದವ ನಾನು. ಈಗ ರಿಟೈರ್ಡ್, ಮಂಗಳೂರಲ್ಲಿ ಇದ್ದೇನೆ. ತಾಲೂಕು, ಜಿಲ್ಲಾ ಮಟ್ಟದ ಮ್ಯಾಚುಗಳಿಗೆ ಸೀಟಿ ಊದಿದ್ದೇನೆ. ಬೈಸಿಕೊಂಡದ್ದಕ್ಕೆ ಲೆಕ್ಕ ಇಲ್ಲ.

ಮೊದಲು ಡೊನಾಗಿ ವಿಷಯ. ಯಾರೋ ದುಡ್ಡು ಕೊಟ್ಟರು, ಇವ ಬೇಕೆಂದೇ ತಪ್ಪು ಸೀಟಿ ಊದಿದ, ಇದು ಹೆಚ್ಚಿನವರ ಮಂಡೆಯಲ್ಲಿ ಇರುವ ಚಿತ್ರ. ಅವನು ಕೋರ್ಟಿನಲ್ಲಿ ಒಪ್ಪಿಕೊಂಡದ್ದು ಬೇರೆ. 13 ಸೀಸನ್ ಎನ್‌ಬಿಎ ರೆಫ್ರಿ ಆಗಿದ್ದವ ಅವನು. ಒಳಗಿನ ಸುದ್ದಿ ಮಾರಿದ. ಇವತ್ತಿನ ಮ್ಯಾಚಿಗೆ ಯಾವ ರೆಫ್ರಿಗಳು, ಯಾರಿಗೂ ಯಾರಿಗೂ ಆಗುವುದಿಲ್ಲ, ಯಾವ ಆಟಗಾರನಿಗೆ ಎಲ್ಲಿ ನೋವು, ಇಂಥದ್ದು. ಅದನ್ನೆಲ್ಲ ಸೇರಿಸಿ ಯಾವ ಟೀಮಿಗೆ ಕಟ್ಟಬೇಕು ಅಂತ ಹೇಳುತ್ತಿದ್ದ. ಸರಿ ಬಂದರೆ ಮೊದಲು 2,000 ಡಾಲರ್, ಆಮೇಲೆ 5,000. ತಪ್ಪಾದರೆ ಏನೂ ಇಲ್ಲ. ಈ ದಂಧೆಯಲ್ಲಿ ಜೊತೆಗಿದ್ದ ಇಬ್ಬರೂ ಅವನದೇ ಹೈಸ್ಕೂಲಿನಲ್ಲಿ ಓದಿದವರು. ಫೋನಿನಲ್ಲಿ ಮಾತಾಡಲು ಆ ಇಬ್ಬರಲ್ಲಿ ಒಬ್ಬನ ಅಣ್ಣತಮ್ಮಂದಿರ ಹೆಸರೇ ಕೋಡ್. ಒಬ್ಬನ ಹೆಸರು ಬಂದರೆ ಸ್ವಂತ ಊರಿನಲ್ಲಿ ಆಡುವ ಟೀಮು, ಇನ್ನೊಬ್ಬನದು ಬಂದರೆ ಹೊರಗಿನಿಂದ ಬಂದ ಟೀಮು. ಕದ್ದು ಕೇಳಿದವರಿಗೆ ಮನೆ ಸುದ್ದಿ ಅಂತಲೇ ಅನ್ನಿಸಬೇಕು.

2007ರ ಜುಲೈಯಲ್ಲಿ ರಾಜೀನಾಮೆ, ಆಗಸ್ಟಿನಲ್ಲಿ ತಪ್ಪೊಪ್ಪಿಗೆ, 2008ರ ಜುಲೈಯಲ್ಲಿ 15 ತಿಂಗಳ ಜೈಲು. ತಾನು ಊದುವ ಮ್ಯಾಚುಗಳ ಮೇಲೆಯೇ ಬೆಟ್ ಇತ್ತು. ಬೇಕೆಂದೇ ತಪ್ಪು ಊದಲಿಲ್ಲ ಅಂತ ಇವತ್ತಿಗೂ ಅನ್ನುತ್ತಾನೆ. ಅದು ಸತ್ಯವೋ ಸುಳ್ಳೋ ಅನ್ನುವುದಕ್ಕಿಂತ ನನಗೆ ಕಾಡುವ ಸಂಗತಿ ಇನ್ನೊಂದು. ಅದಕ್ಕೆ ನನ್ನದೇ ಒಂದು ಕಥೆ ಹೇಳಬೇಕು.

ತೊಂಬತ್ತರ ದಶಕ, ಒಂದು ಅಂತರ್‌ಶಾಲಾ ಫೈನಲ್. ಯಾವ ಶಾಲೆ ಅಂತ ಬರೆಯುವುದಿಲ್ಲ. ಸಿಮೆಂಟಿನ ಕೋರ್ಟು, ಸುತ್ತ ಕೆಂಪು ಮಣ್ಣು. ಆಟ ಶುರುಮಾಡುವ ಜಂಪ್ ಬಾಲಿಗೆ ಮೊದಲು ಒಂದು ಟೀಮಿನ ಉದ್ದದ ಹುಡುಗ ನನ್ನ ಹತ್ತಿರ ಬಂದು ಸಾಕ್ಸ್ ಕೆಳಗೆ ಜಾರಿಸಿದ. ಬಲಗಾಲಿನ ಮಣಿಗಂಟಿಗೆ ಕ್ರೇಪ್ ಬ್ಯಾಂಡೇಜ್. ಪಿನ್ನು ಹಾಕಿದ್ದಾರೆ, ಯಾರಿಗೂ ಚುಚ್ಚಬಾರದಲ್ಲ, ಆಡಬಹುದಾ ಸರ್ ಅಂತ ಕೇಳಿದ. ಪಿನ್ನು ತೆಗೆದು ಟೇಪು ಸುತ್ತಲು ಹೇಳಿದೆ. ಅವನ ಕೋಚ್ ಮತ್ತು ನಾನು ಬಿಟ್ಟರೆ ಬೇರೆ ಯಾರೂ ಆ ಬ್ಯಾಂಡೇಜ್ ನೋಡಿರಲಿಕ್ಕಿಲ್ಲ.

ಟೇಪು ಸುತ್ತುವ ಹೊತ್ತಿಗೆ ನಾನು ನೆರಳಿಗೆ ಹೋದೆ. ಮುಖಪರಿಚಯದವರೊಬ್ಬರು ಎಳನೀರು ಕೆತ್ತಿಸಿ ಕೊಟ್ಟರು. "ಎಂಥ ಮಾಸ್ಟ್ರೇ, ಆ ಉದ್ದದವನಿಗೆ ಏನಾಗಿದೆ?" ಅಂದರು. "ಕಾಲಿಗೆ ಸ್ವಲ್ಪ ಪೆಟ್ಟು" ಅಂದೆ. ಅಷ್ಟೇ. ಮಳೆ ಬರ್ತದಾ ಅಂತ ಕೇಳಿದ ಹಾಗೆ ಕೇಳಿದ್ದು, ಅದೇ ಹಾಗೆ ಹೇಳಿದ್ದು.

ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ನಗುತ್ತಾ ಅವರೇ ಹೇಳಿದರು. ಎಳನೀರು ಮುಗಿಸಿ ನಾನು ಅತ್ತ ಹೋದ ಕೂಡಲೇ ಎದುರು ಟೀಮಿಗೆ ಐನೂರು ಕಟ್ಟಿದ್ದರಂತೆ. ಗೆದ್ದರಂತೆ. "ನಿಮ್ಮ ದಯೆ" ಅಂದರು. ಆ ಹುಡುಗ ಕೊನೇ ಹಂತದಲ್ಲಿ ಐದನೇ ಫೌಲಿಗೆ ಹೊರಗೆ ಹೋಗಿದ್ದ. ಊದಿದವ ನಾನೇ.

ಮನೆಗೆ ಬಂದು ನಿದ್ದೆ ಬರಲಿಲ್ಲ. ಆ ಐದನೇ ಫೌಲ್ ನಿಜವಾಗಿ ಫೌಲಾ? ಕಾಲು ನೋವಿದೆ, ಇವ ತಡವಾಗಿ ಬರುತ್ತಾನೆ ಅಂತ ಮೊದಲೇ ಮಂಡೆಯಲ್ಲಿ ಇದ್ದುದರಿಂದ ಹಾಗೆ ಕಂಡಿತಾ? ನನಗೆ ಒಂದು ಪೈಸೆ ಬಂದಿಲ್ಲ, ಬೆಟ್ ಇದ್ದದ್ದೇ ಗೊತ್ತಿರಲಿಲ್ಲ. ಆದರೂ ಇವತ್ತಿನವರೆಗೆ ಹೇಳಲಿಕ್ಕೆ ಆಗುವುದಿಲ್ಲ. ಐದು ಸಾವಿರ ಡಾಲರ್ ಕಾಯುತ್ತಿದೆ ಅಂತ ಗೊತ್ತಿದ್ದವನ ಕಣ್ಣಿಗೆ ಎಂಥ ಕಂಡಿರಬಹುದು, ನೀವೇ ಲೆಕ್ಕ ಹಾಕಿ.


ಸುರತ್ಕಲ್ ಎಕ್ಸ್‌ಪ್ರೆಸ್

ಮಾಸ್ಟ್ರೇ, ಕಥೆ ಚೆನ್ನಾಗಿದೆ. ಆದರೆ ನೀವು ಲೀಗಿನವರನ್ನು ಸುಲಭದಲ್ಲಿ ಬಿಟ್ಟಿರಿ. ಡೊನಾಗಿ ಒಬ್ಬನೇ ಕೆಟ್ಟವ ಅಂತ ಆಗ ಲೀಗಿನ ಕಮಿಷನರ್ ಆಗಿದ್ದ ಡೇವಿಡ್ ಸ್ಟರ್ನ್ ಅವತ್ತೇ ಹೇಳಿ ಆಗಿತ್ತು. 2008ರ ಅಕ್ಟೋಬರ್‌ನ ತನಿಖಾ ವರದಿಯೂ, ವಕೀಲ ಪೆಡೋವಿಟ್ಜ್ ಬರೆದದ್ದು, ಹೆಚ್ಚುಕಡಿಮೆ ಅದನ್ನೇ ಹೇಳಿತು. ಆ ವಕೀಲರನ್ನು ನೇಮಿಸಿದ್ದು ಯಾರು? ಎನ್‌ಬಿಎಯೇ. 2019ರಲ್ಲಿ ಇಎಸ್‌ಪಿಎನ್ ಹಳೇ ಮ್ಯಾಚುಗಳನ್ನೆಲ್ಲ ಮತ್ತೆ ಕೆದಕಿ, ಅವನು ಸೀಟಿಯನ್ನೂ ತಿರುಗಿಸಿದ್ದ ಅಂತ ಬರೆಯಿತು.

ಈಗ ನೋಡಿ. ಅಮೆರಿಕದ ಸುಪ್ರೀಂ ಕೋರ್ಟ್ 2018ರ ಮೇ ತಿಂಗಳಲ್ಲಿ ಬೆಟ್ಟಿಂಗ್ ತಡೆ ಕಾನೂನು ರದ್ದು ಮಾಡಿತು. ಜುಲೈಯಲ್ಲೇ ಎನ್‌ಬಿಎ ಎಂಜಿಎಂ ಎಂಬ ಕ್ಯಾಸಿನೊ ಕಂಪನಿಯ ಜೊತೆ ಒಪ್ಪಂದಕ್ಕೆ ಸಹಿ ಹಾಕಿತು. ಹಂಡೆ ತುಂಬ ಸೇಂದಿ ಇಟ್ಟು ಕುಡಿಯಬೇಡಿ ಅಂದ ಹಾಗೆ. ನಾನು ಹೈಲೈಟ್ಸ್ ಮಾತ್ರ ನೋಡುವುದು. ಡಂಕ್‌ನಲ್ಲಿ ಫಿಕ್ಸಿಂಗ್ ಇಲ್ಲ, ಅಲ್ವಾ?


ಮಂಜೊಟ್ಟಿ

ಬಾಸ್ಕೆಟ್‌ಬಾಲ್ ನನಗೆ ಅಷ್ಟು ಗೊತ್ತಿಲ್ಲ, ನಾನು ಕಂಬಳದವ. ಕಂಬಳದಲ್ಲಿ ಮೊದಲು ಓಟ ಮುಗಿಯುವ ಮಂಜೊಟ್ಟಿಯ ಹತ್ತಿರ ತೀರ್ಪುಗಾರರ ಕಣ್ಣೇ ಕೊನೆ. ಎರಡು ಜೋಡಿ ಒಟ್ಟಿಗೆ ಬಂದರೆ ಕೆಸರು ಹಾರಿ ಮೂತಿಯೇ ಕಾಣುವುದಿಲ್ಲ. ಎಂಥ ಜಗಳ ಮಾರಾಯ್ರೇ! ಯಜಮಾನರೊಬ್ಬರು ಕೋಣಗಳನ್ನು ಲಾರಿಗೆ ಹತ್ತಿಸಿ ಅರ್ಧದಲ್ಲೇ ಹೊರಟದ್ದು ನಾನೇ ನೋಡಿದ್ದೇನೆ. ಈಗ ಲೇಸರ್ ಬಂದಿದೆ. ಜಗಳ ನಿಂತಿದೆಯಾ ಅಂದರೆ ಇಲ್ಲ. ಆದರೆ ಮೊದಲು "ಅವನು ಆ ಮನೆಯವರ ಕಡೆಯವ" ಅಂತ ಮನುಷ್ಯನ ಮೇಲೆ ಬರುತ್ತಿದ್ದ ಮಾತು ಈಗ ಮೆಷಿನಿನ ಮೇಲೆ ಬರುತ್ತದೆ. ಮೆಷಿನಿಗೆ ಎಷ್ಟು ಬೈದರೂ ಅದು ಮನೆಗೆ ಹೋಗಿ ನಿದ್ದೆಗೆಡುವುದಿಲ್ಲ.

ಎನ್‌ಬಿಎಯವರು ಹಾಗೆ ಏನೂ ಮಾಡಲಿಲ್ಲವಾ?


ಹಳೇ ಸೀಟಿ

ಮಾಡಿದ್ದಾರೆ. ನನಗೆ ಜಾಸ್ತಿ ಇಷ್ಟವಾದದ್ದು ಎಲ್ಲಕ್ಕಿಂತ ಸಣ್ಣದು. ಮೊದಲು ಯಾವ ಮ್ಯಾಚಿಗೆ ಯಾವ ರೆಫ್ರಿ ಅನ್ನುವುದು ಗುಟ್ಟು. ಗುಟ್ಟಾದ್ದರಿಂದಲೇ ಅದಕ್ಕೆ ಬೆಲೆ, ಡೊನಾಗಿ ಮಾರಿದ್ದೂ ಅದನ್ನೇ. ಹಗರಣದ ನಂತರ ಮ್ಯಾಚಿನ ದಿನ ಬೆಳಗ್ಗೆಯೇ ಹೆಸರು ಎಲ್ಲರಿಗೂ ಹೇಳತೊಡಗಿದರು. ಗುಟ್ಟು ಹೋಯಿತು, ಬೆಲೆಯೂ ಹೋಯಿತು.

2014ರಲ್ಲಿ ನ್ಯೂಜೆರ್ಸಿಯ ಸೆಕಾಕಸ್‌ನಲ್ಲಿ ವೀಡಿಯೋ ನೋಡಿ ತೀರ್ಪು ಪರೀಕ್ಷಿಸುವ ರೀಪ್ಲೇ ಸೆಂಟರ್ ಶುರುವಾಯಿತು. 2015ರ ಮಾರ್ಚ್‌ನಿಂದ ಜಿದ್ದಾಜಿದ್ದಿನ ಮ್ಯಾಚುಗಳ ಕೊನೇ ಎರಡು ನಿಮಿಷದ ಒಂದೊಂದು ತೀರ್ಪನ್ನೂ ಸರಿ, ತಪ್ಪು ಅಂತ ಬರೆದು ಮರುದಿನ ಹೊರಗೆ ಹಾಕುತ್ತಾರೆ. ಊದಿದ್ದು ಮಾತ್ರ ಅಲ್ಲ, ಊದದೆ ಬಿಟ್ಟದ್ದೂ ಅದರಲ್ಲಿ ಉಂಟು. ನಮ್ಮ ಕಾಲದಲ್ಲಿ ಹೀಗೆ ಮಾಡಿದ್ದರೆ ನಾನು ಊರು ಬಿಡಬೇಕಿತ್ತು.

ಸುರತ್ಕಲ್‌ನವರೇ, ಸೇಂದಿ ಮಾತು ಒಪ್ಪಿದೆ. ಆದರೆ ಪೋರ್ಟರ್ ಸಿಕ್ಕಿಬಿದ್ದದ್ದು ಹೇಗೆ? 2024ರ ಮಾರ್ಚ್ 20ರಂದು ಹುಷಾರಿಲ್ಲ ಅಂತ ಮೂರು ನಿಮಿಷ ಆಡಿ ಹೊರಗೆ ಬಂದ. ಅವನು ಕಡಿಮೆ ಆಡುತ್ತಾನೆ ಅಂತ ಯಾರೋ 80,000 ಡಾಲರ್ ಕಟ್ಟಿದ್ದರು. ಗೆದ್ದರೆ 11 ಲಕ್ಷ ಡಾಲರ್. ಅಷ್ಟು ಸಣ್ಣ ಆಟಗಾರನ ಮೇಲೆ ಅಷ್ಟು ದೊಡ್ಡ ಬೆಟ್ ಯಾಕೆ ಅಂತ ಬೆಟ್ಟಿಂಗ್ ಕಂಪನಿಯವರೇ ಹಣ ತಡೆಹಿಡಿದರು. ಲೆಕ್ಕದ ಪುಸ್ತಕ ಇದ್ದಲ್ಲಿ ಕಳ್ಳ ಕಾಣುತ್ತಾನೆ. ಎಳನೀರಿನವರ ಹತ್ತಿರ ಯಾವ ಪುಸ್ತಕ ಇತ್ತು?

ಆದರೆ ಅದೂ ಸುದ್ದಿಯದೇ ವ್ಯಾಪಾರ. ನನಗೆ ಹೀಗೆ ಉಂಟು, ನಾನು ಬೇಗ ಹೊರಗೆ ಬರುತ್ತೇನೆ ಅಂತ ಮೊದಲೇ ಹೇಳಿಟ್ಟದ್ದು. ಹದಿನೇಳು ವರ್ಷ ಆದರೂ ಮಾಲು ಬದಲಾಗಲಿಲ್ಲ.


ಅಜ್ಜರಕಾಡು ಜೆರಾಕ್ಸ್

ಮಾಸ್ಟ್ರೇ, ನೀವು ಹೇಳಿದ ಎರಡು ನಿಮಿಷದ ರಿಪೋರ್ಟು ಇದೆ ಅಂತ ಗೊತ್ತಿತ್ತು, ಒಮ್ಮೆಯೂ ತೆರೆದು ನೋಡಿರಲಿಲ್ಲ. ನಿನ್ನೆ ಅಂಗಡಿಯಲ್ಲಿ ಕೂತು ಆ ಮ್ಯಾಚಿನದ್ದು ಹುಡುಕಿದೆ. ಗಿರಾಕಿ ಇರಲಿಲ್ಲ, ಪ್ರಿಂಟೂ ತೆಗೆದೆ. ಸಂಜೆ ಮಗ ಬಂದ, ಇಬ್ಬರೂ ವೀಡಿಯೋ ನಿಲ್ಲಿಸಿ ನಿಲ್ಲಿಸಿ ಒಂದೊಂದು ಸಾಲು ನೋಡಿದೆವು.

ನಾನು ಬೈದ ಆ ಫೌಲ್ ಸರಿಯಾದ ತೀರ್ಪಂತೆ. ಹಿಂದಿನ ಕ್ಯಾಮೆರಾದಲ್ಲಿ ಮೊಣಕೈಗೆ ಹೊಡೆದದ್ದು ಸ್ಪಷ್ಟ ಕಾಣುತ್ತದೆ. ತಿಂದವ ಯಾರೂ ಇಲ್ಲ, ನಾನು ಕೂತ ಕಡೆಯಿಂದ ಕಾಣಲಿಲ್ಲ ಅಷ್ಟೆ.

ಅದರ ಎರಡು ಸಾಲು ಮೇಲೆ ಒಂದು ತಪ್ಪು ಉಂಟು. ಟ್ರಾವೆಲಿಂಗ್, ಊದದೆ ಬಿಟ್ಟಿದ್ದಾರೆ. ಹೆಜ್ಜೆ ಜಾಸ್ತಿ ಇಟ್ಟವ ನಮ್ಮ ಟೀಮಿನವ. ಆ ಬಾಸ್ಕೆಟ್ ಬಿದ್ದಾಗ ನಾನು ಎದ್ದು ನಿಂತು ಚಪ್ಪಾಳೆ ಹೊಡೆದಿದ್ದೆ. ಮಗ ಏನೂ ಹೇಳಲಿಲ್ಲ. ಅಂಗಡಿಯ ಹಳದಿ ಹೈಲೈಟರ್ ತೆಗೆದು ಆ ಸಾಲಿನ ಮೇಲೆ ಎಳೆದ, ಹಾಳೆಯನ್ನು ಕೌಂಟರಿನ ಗಾಜಿನ ಅಡಿಗೆ ತಳ್ಳಿ ಟ್ಯೂಷನ್ನಿಗೆ ಹೋದ. ಈಗಲೂ ಅಲ್ಲೇ ಉಂಟು, ರೇಟ್ ಲಿಸ್ಟಿನ ಪಕ್ಕ.