ಅಪ್‌ಡೇಟ್: ಮಾವಿನ ಸುಗ್ಗಿಯಲ್ಲಿ ಶಾಲೆ ತಪ್ಪಿದ ಮಗಳು
ಶ್ರೀನಿವಾಸಪುರದ ಮಾವಿನ ಸುಗ್ಗಿಯಲ್ಲಿ ತೋಟಕ್ಕೆ ಕರೆದೊಯ್ದಿದ್ದರಿಂದ ಜೂನ್‌ನಲ್ಲಿ 11 ದಿನ ತರಗತಿ ತಪ್ಪಿದ, ಎರಡನೆಯ ತರಗತಿಯ ನನ್ನ ಮಗಳು ಈಗ ಶಾಲೆಗೆ ಹೋಗೆಂದರೆ ಅಳುತ್ತಾಳೆಂದು ಬರೆದಿದ್ದೆ. ಟ್ಯೂಷನ್‌ಗೆ ಸೇರಿಸುವ ಮೊದಲು ಮೇಡಂ ಅವರನ್ನು ಕಂಡೆ. ನಲಿ-ಕಲಿ ಎಂಬ ಚಟುವಟಿಕೆಯ ಕಲಿಕೆಯಲ್ಲಿ ಮಗು ತಾನು ನಿಲ್ಲಿಸಿದ ಮೈಲಿಗಲ್ಲಿನಿಂದಲೇ, ಅಂದರೆ ಕಲಿಕೆಯ ಹಂತದಿಂದಲೇ, ಮುಂದುವರಿಯುವುದರಿಂದ ಪಾಠ ಪೂರ್ತಿ ಕೈತಪ್ಪಿಲ್ಲವೆಂದೂ, ಆದರೆ ಒಂದರಿಂದ ಮೂರನೆಯ ತರಗತಿಯವರು ಕೂಡಿ ಕೂರುವ ಕೋಣೆಯಲ್ಲಿ ಗೆಳತಿಯರು ಬೇರೆ ತಟ್ಟೆಗೆ, ಅಂದರೆ ಬೇರೆ ಗುಂಪಿಗೆ, ಹೋಗಿರುವುದೇ ಅವಳ ಅಳುವಿಗೆ ಕಾರಣವೆಂದೂ ಅವರು ತಿಳಿಸಿದರು. ಇದು ನನಗೆ ಹೊಳೆದೇ ಇರಲಿಲ್ಲ. ಹಿಂದುಳಿದಿದ್ದ ಕಳೆಯುವ ಲೆಕ್ಕವನ್ನು ರಾತ್ರಿ ಮಾವಿನಕಾಯಿಗಳನ್ನೇ ಎಣಿಸಿ ಕಲಿಸಿದೆವು (ಶಾಲೆ ತಪ್ಪಿಸಿದ ಕಾಯಿಯೇ ಲೆಕ್ಕಕ್ಕೂ ಒದಗಿತು). ಬೆಳಿಗ್ಗೆ ಅಜ್ಜಿ ಬಿಟ್ಟುಬರುತ್ತಾರೆ. ಮೂರು ವಾರದಲ್ಲಿ ಒಂದೇ ದಿನ, ಅದೂ ಜ್ವರದಿಂದ, ತಪ್ಪಿದೆ. ಓದುವಾಗ ಒತ್ತಕ್ಷರಗಳಲ್ಲಿ ಇನ್ನೂ ತಡವರಿಸುತ್ತಾಳೆ.