‘ನಪುಂಸಕತೆ’ ಬೇಡ ಅಂದರೆ ಮತ್ತೇನು?

ಬಳಗದವರಿಗೆ ನಮಸ್ಕಾರ. ಶಿರಸಿಯ ಡಾಕ್ಟರೊಬ್ಬರು ಗಂಡಸರಿಗೆಂದು ಬರೆದ ನಾಲ್ಕು ಪುಟದ ಕರಪತ್ರವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಎರಡನೇ ಸಾಲಲ್ಲೇ ಸಿಕ್ಕಿಬಿದ್ದೆ. ಮೈಯಲ್ಲಿ ದೋಷವಿಲ್ಲದೆ, ಬರೀ ಆತಂಕದಿಂದ ಲಿಂಗ ನಿಮಿರದಿದ್ದರೆ ಅದಕ್ಕೇನನ್ನೋಣ?

ನಿಘಂಟು ಕೊಡುವುದು ನಪುಂಸಕತೆ, ಷಂಡತನ. ಷಂಡ ಎಂಬುದು ಬೈಗುಳ. ಓದುವವನ ಮುಖಕ್ಕೆ ಅದನ್ನೇ ಎಸೆಯಲೇ? ಬಸ್‌ಸ್ಟ್ಯಾಂಡ್ ಗೋಡೆಯ ‘ನರದೌರ್ಬಲ್ಯ’ ಎಲ್ಲರಿಗೂ ಗೊತ್ತು, ಆದರೆ ಸುಳ್ಳು. ಇಂಥವರ ನರ ನೆಟ್ಟಗೇ ಇರುತ್ತದೆ, ಬೆಳಗಿನ ಜಾವ ತಾನಾಗಿ ನಿಮಿರುವುದೇ ಅದಕ್ಕೆ ಸಾಕ್ಷಿ.

ನನಗೆ ಹಿಡಿಸಿದ್ದು ಇದಕ್ಕಿರುವ ಸಂಸ್ಕೃತದ ಮಾತು, ಕ್ಲೈಬ್ಯ. ಸುಶ್ರುತ ಇದರ ಆರು ಬಗೆ ಹೇಳುವಾಗ ಮೊದಲು ಎಣಿಸುವುದೇ ಮಾನಸ ಕ್ಲೈಬ್ಯವನ್ನು. ಗೀತೆಯಲ್ಲಿ ಕೃಷ್ಣ ಅರ್ಜುನನಿಗೆ ಬೇಡವೆನ್ನುವುದೂ ಇದನ್ನೇ. ತೋಳಲ್ಲಿ ಬಲವಿಲ್ಲದೆ ಅಲ್ಲವಲ್ಲ, ಮನಸ್ಸು ಕುಸಿದು ಗಾಂಡೀವ ಜಾರಿದ್ದು! ಆದರೆ ಓದಿ ಹೇಳಿದಾಗ ನಮ್ಮ ಓಣಿಯ ಮೆಡಿಕಲ್ ಶಾಪಿನ ಹುಡುಗ ‘ಹೊಸ ಮಾತ್ರೆಯಾ?’ ಅಂದ. ಸದ್ಯಕ್ಕೆ ‘ಮನಸ್ಸಿನಿಂದಾದ ನಿಮಿರು ತೊಂದರೆ’ ಎಂದು ಬರೆದಿಟ್ಟಿದ್ದೇನೆ. ಉದ್ದವಾಯಿತು, ಹೌದು. ಆದರೆ ತೊಂದರೆ ಬಂದದ್ದು ಹೋಗಬಹುದು. ‘-ತನ’ ಅಂಟಿತೆಂದರೆ ಮನುಷ್ಯನಿಗೇ ಅಂಟಿತು.

ಇನ್ನೊಂದು ತೊಡಕು ಹಾರ್ಮೋನಿನದು. ಇಂಗ್ಲೆಂಡಿನ ಶರೀರಶಾಸ್ತ್ರಜ್ಞ ಸ್ಟಾರ್ಲಿಂಗ್ 1905ರಲ್ಲಿ ಈ ಹೆಸರು ಬಳಸಿದ್ದು ‘ಪ್ರಚೋದಿಸು’ ಎಂಬರ್ಥದ ಗ್ರೀಕ್ ಪದದಿಂದ. ಆ ಲೆಕ್ಕದಲ್ಲಿ ‘ಚೋದಕ’ ಸರಿಯೇ, ಆದರೆ ಇಲ್ಲಿ ಬಳಸಿದರೆ ಕೆರಳಿಸುವ ಮದ್ದೆಂದೇ ತಿಳಿದಾರು. ಈಗಲೇ ಅಂಗಡಿಗೆ ಬಂದವರು ದನಿ ತಗ್ಗಿಸಿ ಕೇಳುವುದು ‘ಗಂಡಸ್ತನದ ಇಂಜೆಕ್ಷನ್ ಇದ್ಯಾ?’ ಎಂದಂತೆ. ಡಾಕ್ಟರು ಹೇಳುವುದೇ ಬೇರೆ: ಬೆಳಿಗ್ಗೆ ರಕ್ತ ತೆಗೆದು ಎರಡು ಸಲ ನೋಡಿ, ಗಂಡಸರ ಹಾರ್ಮೋನಾದ ಟೆಸ್ಟೋಸ್ಟೆರೋನ್ ನಿಜಕ್ಕೂ ಕಡಿಮೆಯಿದ್ದು ಅದರಿಂದ ತೊಂದರೆಯಾದವರಿಗೆ ಮಾತ್ರ ಆ ಇಂಜೆಕ್ಷನ್. ಸರಿಯಿದ್ದವನಿಗೆ ಚುಚ್ಚಿದರೆ ಆತಂಕ ಕರಗುವುದಿಲ್ಲ. ಹೊರಗಿಂದ ಬರುತ್ತಿದೆಯೆಂದು ವೃಷಣ ತನ್ನ ಕೆಲಸ ಕಡಿಮೆ ಮಾಡಿ ವೀರ್ಯಾಣು ಇಳಿಯುತ್ತದೆ. ಮಕ್ಕಳಾಗಲಿ ಎಂದು ಚುಚ್ಚಿಸಿಕೊಂಡವನಿಗೆ ಅದೇ ಅಡ್ಡಿ. ಆತಂಕಕ್ಕೆ ಬೇಕಾದದ್ದು ಆಪ್ತಸಮಾಲೋಚನೆ.

ಹಾಗಾಗಿ ಈ ಚಿಕಿತ್ಸೆಯನ್ನು ‘ಹಾರ್ಮೋನು ಮರುಪೂರಣ’ ಎಂದರೆ ಹೇಗೆ? ಕೊಳವೆಬಾವಿ ಮರುಪೂರಣ ನಮ್ಮ ಅಡಿಕೆ ತೋಟದವರಿಗೆಲ್ಲ ಗೊತ್ತು. ತುಂಬಿದ ಬಾವಿಗೆ ಯಾರೂ ನೀರು ಹಾಯಿಸುವುದಿಲ್ಲ.

ಕುಮಟಾ, ಕಾರವಾರದ ಕಡೆ ಮನೆಮಾತಿನಲ್ಲಿ ಬೇರೆ ಪದವಿದ್ದರೆ, ಬೈಗುಳ ಬಿಟ್ಟು, ಬರೆಯಿರಿ. ಕೊಂಕಣಿಯದಾದರೂ ಅಡ್ಡಿಲ್ಲೆ.